ಯಾವ ಭಾಷೆಯಲ್ಲಿ ಅಳೆಯೋಣ ಮಗುವಿನ ಮಾತು?

ಕಾಗದಪತ್ರದಲ್ಲಿ ವಾಣಿವಿಲಾಸ ಮೊಹಲ್ಲಾ, ಆಟೊದವರ ಬಾಯಲ್ಲಿ ವಿ.ವಿ. ಮೊಹಲ್ಲಾ, ಹಳಬರಿಗೆ ಇಂದಿಗೂ ಒಂಟಿಕೊಪ್ಪಲು. ಹೊರಊರಿನವರು ಈ ಬಡಾವಣೆಯ ಹೆಸರು ಕೇಳಿರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ದೇವರಮನೆಯ ಗೂಡಿನಲ್ಲಿ ಕುಂಕುಮದ ಕಲೆ ಹೊತ್ತು ಕೂತಿರುವ ಒಂಟಿಕೊಪ್ಪಲ್ ಪಂಚಾಂಗ. ಇನ್ನೊಂದು, ಕುವೆಂಪು ಬಾಳಿದ ಮನೆ ‘ಉದಯರವಿ’. ಮೈಸೂರಿನವರು ಕೇಳಿದರೆ ಲಕ್ಷ್ಮೀವೆಂಕಟರಮಣ ಸ್ವಾಮಿ ದೇವಸ್ಥಾನವನ್ನೂ, ವೈಕುಂಠ ಏಕಾದಶಿಯ ದಿನ ಅಲ್ಲಿ ಸೇರುವ ಜನವನ್ನೂ ಸೇರಿಸುತ್ತಾರೆ.

ನಾನು ಇಲ್ಲಿ ಸುತ್ತಾಡಿದ್ದು ಮಾತು ಕೇಳಿಸಿಕೊಳ್ಳಲು. ಅದಕ್ಕೆ ಕಿರಾಣಿ ಅಂಗಡಿಯ ಮುಂದೆ ನಿಂತರೆ ಸಾಕು. ಒಬ್ಬ ಅಜ್ಜಿ ಮೂರು ವರ್ಷದ ಮೊಮ್ಮಗನ ಕೈ ಹಿಡಿದು ಬಂದರು. ಮನೆಯ ಅಯ್ಯಂಗಾರಿ ತಮಿಳಿನಲ್ಲಿ ಅವನನ್ನು ಗದರಿಸುತ್ತಾರೆ, ಅಂಗಡಿಯವನ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಹುಡುಗ ಗಾಜಿನ ಭರಣಿ ತೋರಿಸಿ, ‘ಪಾಟಿ, ಅದು ಬೇಕು, ಪ್ಲೀಸ್’ ಅಂದ. ನಾಲ್ಕು ಪದ, ಮೂರು ಭಾಷೆ. ಹಿಂದೆಯೇ ಬಂದ ಇನ್ನೊಂದು ಮಗು ಅಮ್ಮನ ಜೊತೆ ದಖನಿ ಉರ್ದುವಿನಲ್ಲಿ ಜಗಳವಾಡುತ್ತಿತ್ತು. ಬಿಸ್ಕತ್ತಿನ ಬೆಲೆಯನ್ನು ಮಾತ್ರ ಕನ್ನಡದಲ್ಲಿ ಹೇಳಿತು. ತೆಲುಗು, ಸಂಕೇತಿ, ತುಳು ಮಾತಾಡುವ ಮನೆಗಳೂ ಈ ಬೀದಿಗಳಲ್ಲಿ ಸಿಗುತ್ತವೆ. ಕಟ್ಟಡ ಕೆಲಸಕ್ಕೆ ಬಂದವರು, ಪೇಯಿಂಗ್ ಗೆಸ್ಟ್ ಹುಡುಗರು ತಂದ ನಾನಾ ಬಗೆಯ ಹಿಂದಿ ಇತ್ತೀಚಿನದು.

ಈ ಮಕ್ಕಳಲ್ಲಿ ಒಂದು ಮಗು ಎರಡೂವರೆ ವರ್ಷವಾದರೂ ಸರಿಯಾಗಿ ಮಾತಾಡುತ್ತಿಲ್ಲ ಅಂತಿಟ್ಟುಕೊಳ್ಳಿ. ಮಾತು ತಡವಾಗಿದೆಯೇ, ಇಲ್ಲವೇ ಎರಡು ಮೂರು ಭಾಷೆಗೆ ಹಂಚಿಹೋಗಿ ಕಡಿಮೆ ಕಾಣುತ್ತಿದೆಯೇ ಎಂದು ಹೇಳುವವರು ಯಾರು? ಯಾವ ಭಾಷೆಯಲ್ಲಿ ಪರೀಕ್ಷಿಸಿ ಹೇಳಬೇಕು?

ಮನಸ್ಸನ್ನು ಅಳೆಯುವ ವಿದ್ಯೆಗೂ ಒಂಟಿಕೊಪ್ಪಲಿಗೂ ಹಳೆಯ ನಂಟಿದೆ. 1935ರಲ್ಲಿ ಇಲ್ಲಿನ ‘ವಿಠಲ ವಿಹಾರ’ ಎಂಬ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರುಮಾಡಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಅವರ ಆ ನಿಲಯದಿಂದ. ರೇಡಿಯೊ ಅವರ ಹುಚ್ಚು. ಕಸುಬು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು ಅವರು; ಬುದ್ಧಿಶಕ್ತಿಯನ್ನು ಅಂಕಿಯಲ್ಲಿ ಹಿಡಿಯುವ ವಿದ್ಯೆಗೆ ಗಣಿತದ ತಳಪಾಯ ಹಾಕಿದವರಲ್ಲಿ ಸ್ಪಿಯರ್‌ಮನ್ ಮೊದಲಿಗರು. ಆ ಅಂಕಿ ತಪ್ಪು ಭಾಷೆಯಲ್ಲಿ ಕೇಳಿದ ಪ್ರಶ್ನೆಯಿಂದ ಬಂದರೆ ಏನಾಗುತ್ತದೆ ಎಂಬುದು ಮುಂದೆ ದೂರದ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟು ಮೆಟ್ಟಿಲು ಹತ್ತಿತು.

ಆ ಕಥೆಗೆ ಸ್ಪ್ಯಾನಿಷ್ ಬೇಕು. ಸ್ಪ್ಯಾನಿಷ್ ಕೇಳಲು ಒಂಟಿಕೊಪ್ಪಲಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಪಕ್ಕದ ಗೋಕುಲಂಗೆ ನಡೆದರಾಯಿತು. ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರದಿಂದ ಗೋಕುಲಂಗೆ ಬಂದ ಮೇಲೆ ಅಲ್ಲಿನ ಬೀದಿಗಳೇ ಬದಲಾದವು. ಬೆಳಗಿನ ಅಭ್ಯಾಸ ಮುಗಿಸಿ ಎಳನೀರಿನ ಗಾಡಿ ಸುತ್ತ ನಿಲ್ಲುವವರಲ್ಲಿ ಸ್ಪೇನಿನವರು, ಮೆಕ್ಸಿಕೊದವರು, ಅರ್ಜೆಂಟೀನಾದವರು ಇರುತ್ತಾರೆ. ಕೆಲವರು ಮಕ್ಕಳನ್ನೂ ಕರೆತರುತ್ತಾರೆ. ಆ ಮಕ್ಕಳು ಎಳನೀರಿನವನಿಗೆ ‘ಗಂಜಿ ಬೇಕು’ ಎಂದು ಕನ್ನಡದಲ್ಲೇ ಕೇಳುವಷ್ಟು ಬೇಗ ಪಳಗುತ್ತಾರೆ.

ಕ್ಯಾಲಿಫೋರ್ನಿಯಾದ ಕಥೆ ಹೀಗೆ. ಅಲ್ಲಿನ ಸೋಲೆಡಾಡ್ ಎಂಬಲ್ಲಿ ಸ್ಪ್ಯಾನಿಷ್ ಮನೆಮಾತಿನ 9 ಮಕ್ಕಳನ್ನು, ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು, ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ತಂದೆತಾಯಿ ದಾವೆ ಹೂಡಿದರು. ಸ್ಪ್ಯಾನಿಷ್ ಬಲ್ಲ ಮನಶ್ಶಾಸ್ತ್ರಜ್ಞರು ಮತ್ತೆ ಪರೀಕ್ಷಿಸಿದಾಗ ಹೆಚ್ಚಿನ ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲ ಎಂದು ಗೊತ್ತಾಯಿತು. 1970ರಲ್ಲಿ ರಾಜಿಯಾಗಿ ಇತ್ಯರ್ಥವಾದ ಆ ಮೊಕದ್ದಮೆಗೆ ‘ಡಯಾನಾ’ ಎಂಬ ಮಗುವಿನ ಹೆಸರು. ಮಗುವನ್ನು ಅದರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಎಂಬ ಷರತ್ತು ಆಗ ಬಂತು. 1975ರ ಹೊತ್ತಿಗೆ ಅದೇ ತತ್ವ ಆ ದೇಶದ ಶಿಕ್ಷಣ ಕಾಯಿದೆಯೊಳಗೂ ಸೇರಿತು.

ಕಾಯಿದೆ ಬಂದರೂ ಪರೀಕ್ಷೆ ಇರಲಿಲ್ಲ. ಇಂಗ್ಲಿಷ್ ಪರೀಕ್ಷೆಗಳನ್ನೇ ಸ್ಪ್ಯಾನಿಷ್‌ಗೆ ಅನುವಾದ ಮಾಡಿ ಬಹಳ ಕಾಲ ನಡೆಸಿದರು. ಅದರ ಎಡವಟ್ಟು ವ್ಯಾಕರಣದಲ್ಲಿದೆ. ಭಾಷೆ ಕಲಿಯಲು ಕಷ್ಟಪಡುವ ಇಂಗ್ಲಿಷ್ ಮಗು ಮುಗ್ಗರಿಸುವುದು ಕ್ರಿಯಾಪದದ ಕಾಲಸೂಚಕ ಬಾಲದಲ್ಲಿ. ಅಂಥದೇ ತೊಂದರೆಯ ಸ್ಪ್ಯಾನಿಷ್ ಮಗು ಎಡವುವುದು ನಾಮಪದದ ಮುಂದೆ ಬರುವ, ಲಿಂಗಕ್ಕೆ ತಕ್ಕಂತೆ ಬದಲಾಗುವ ‘ಎಲ್’, ‘ಲಾ’ದಂಥ ಚಿಕ್ಕ ಪದಗಳಲ್ಲಿ. ಇಂಗ್ಲಿಷ್ ಪರೀಕ್ಷೆಯ ಅನುವಾದ ಆ ಜಾಗವನ್ನು ಮುಟ್ಟುವುದೇ ಇಲ್ಲ. ಸಂಶೋಧಕಿ ಎಲಿಜಬೆತ್ ಪೆನ್ಯಾ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಇಂಗ್ಲಿಷ್–ಸ್ಪ್ಯಾನಿಷ್ ಮಕ್ಕಳಿಗಾಗಿ ‘ಬೀಸಾ’ ಎಂಬ ಪರೀಕ್ಷೆಯನ್ನು ಎರಡೂ ಭಾಷೆಯಲ್ಲಿ ಬೇರೆಬೇರೆಯಾಗಿ ಕಟ್ಟಬೇಕಾಯಿತು. ಅದು ಪ್ರಕಟವಾದದ್ದು 2014ರಲ್ಲಿ. ವ್ಯಾಕರಣದಲ್ಲಿ ಮಗುವಿಗೆ ಸ್ಪ್ಯಾನಿಷ್ ಬಲವಾಗಿದ್ದರೆ ಆ ಅಂಕ, ಪದಗಳ ಅರ್ಥದಲ್ಲಿ ಇಂಗ್ಲಿಷ್ ಬಲವಾಗಿದ್ದರೆ ಈ ಅಂಕ: ಒಂದೊಂದು ವಿಭಾಗದಲ್ಲಿ ಮಗುವಿನ ಕೈಮೇಲಾದ ಭಾಷೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡರಲ್ಲೂ ಕೆಳಗೆ ಬಿದ್ದರೆ ಮಾತ್ರ ತೊಂದರೆ ಇದೆ ಎಂದು ಅರ್ಥ.

ಕೋಟಿಗಟ್ಟಲೆ ಜನ ಆಡುವ, ಹಣವೂ ವಿಶ್ವವಿದ್ಯಾಲಯಗಳೂ ಬೆನ್ನಿಗಿರುವ ಭಾಷೆಯ ಪಾಡೇ ಇದಾದರೆ ಕಿರಾಣಿ ಅಂಗಡಿಯ ಆ ಹುಡುಗನ ತಮಿಳು–ಕನ್ನಡ–ಇಂಗ್ಲಿಷ್‌ಗೆ ಪರೀಕ್ಷೆ ಎಲ್ಲಿಂದ ತರುವುದು?

ಒಂಟಿಕೊಪ್ಪಲಿನಿಂದ ಹುಣಸೂರು ರಸ್ತೆ ದಾಟಿ ಮಾನಸಗಂಗೋತ್ರಿಯ ಕಡೆ ನಡೆದರೆ ಉತ್ತರ ಹುಡುಕುವ ಜಾಗ ಸಿಗುತ್ತದೆ. ವಿಶ್ವವಿದ್ಯಾಲಯದ ಆವರಣಕ್ಕೆ ಆ ಹೆಸರಿಟ್ಟವರು ಕುಲಪತಿಯಾಗಿದ್ದ ಕುವೆಂಪು. ಆಟೊದಲ್ಲಿ ಹೋಗುವವರು ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನಬೇಕು; ‘ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ’ ಎಂದರೆ ಚಾಲಕರು ಒಂದು ಕ್ಷಣ ಯೋಚಿಸುತ್ತಾರೆ. ಅಲ್ಲಿಯವರು, ಓದಿದವರು ‘ಆಯಿಷ್’ ಅನ್ನುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಈ ಸಂಸ್ಥೆ 1965ರಲ್ಲಿ ಹುಟ್ಟಿತು. ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್. ತೆಲುಗು ಮನೆಮಾತಿನ ಅವರು ಯೌವನದಲ್ಲಿ ಮಹಾರಾಜಾ ಕಾಲೇಜಿನ ಮೇಷ್ಟ್ರಾಗಿದ್ದವರು. 2025ರ ಸೆಪ್ಟೆಂಬರ್ 1ರಂದು ವಜ್ರಮಹೋತ್ಸವಕ್ಕೆ ಬಂದ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರದು ಸಂತಾಲಿ. ‘ಕನ್ನಡ ಬರುತ್ತದೆಯೇ’ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೇದಿಕೆಯಲ್ಲೇ ಕೇಳಿದ್ದು, ಅದು ತನ್ನ ಮಾತೃಭಾಷೆಯಲ್ಲದಿದ್ದರೂ ಸ್ವಲ್ಪ ಸ್ವಲ್ಪವಾಗಿ ಕಲಿಯುವುದಾಗಿ ಅವರು ಹೇಳಿದ್ದು ಎರಡು ದಿನ ಟಿ.ವಿ.ಗಳಿಗೆ ಗ್ರಾಸವಾಯಿತು. ಇದೇ ಆವರಣದಲ್ಲಿ ದಿನಾ ಬೆಳಿಗ್ಗೆ ಅದೇ ಪ್ರಶ್ನೆಯನ್ನು ಎರಡು ವರ್ಷದ ಮಕ್ಕಳಿಗೆ ಕೇಳುತ್ತಾರೆ, ಯಾವ ಕ್ಯಾಮೆರಾವೂ ಇರುವುದಿಲ್ಲ.

ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಕೂತರೆ ಕರ್ನಾಟಕದ ಭೂಪಟವೇ ಕಿವಿಗೆ ಬೀಳುತ್ತದೆ. ಕೇರಳದ ವಯನಾಡಿನವರು, ತಮಿಳುನಾಡಿನ ಗಡಿಯವರು, ಈಶಾನ್ಯ ರಾಜ್ಯಗಳಿಂದ ರೈಲು ಹತ್ತಿ ಬಂದವರೂ ಇರುತ್ತಾರೆ. ಫೈಲು ಹಿಡಿದ ತಾಯಂದಿರು ಮಾತಿಗಿಳಿಯುವುದು ಮಕ್ಕಳ ವಯಸ್ಸಿನಿಂದ. ನನ್ನ ಪಕ್ಕದಲ್ಲಿದ್ದದ್ದು ಮಂಡ್ಯ ಕಡೆಯ ಒಂದು ಕುಟುಂಬ. ಮಗುವಿಗೆ ಎರಡೂಮುಕ್ಕಾಲು ವರ್ಷ. ‘ಎಲ್ಲಾ ಅರ್ಥ ಆಯ್ತದೆ ಕಣಪ್ಪಾ, ಬಾಯಿ ಬಿಡಾಕಿಲ್ಲ ಅಷ್ಟೇಯ’ ಅಂದರು ಅಜ್ಜಿ. ‘ಇವರಪ್ಪನೂ ಮಾತಾಡಿದ್ದು ನಾಕು ವರ್ಸಕ್ಕೆ. ಬಜೆ ತೇದು ನಾಲಿಗೆಗೆ ಅಚ್ತಾನೇ ಇವ್ನಿ.’ ತಾಯಿಯ ಅನುಮಾನ ಬೇರೆ: ನಾಲಿಗೆಯ ಕೆಳಗಿನ ನರ ಕಟ್ಟಿಕೊಂಡಿದೆಯಂತೆ. ತಂದೆಯ ಪ್ರಕಾರ ಫೋನೇ ಕಾರಣ. ಈ ಮೂರೂ ವಾದಗಳು ಇಲ್ಲಿಗೆ ಬರುವ ಎಲ್ಲ ಮನೆಗಳಲ್ಲೂ ಇರುತ್ತವೆ ಎನ್ನಬಹುದು. ಅವುಗಳ ನಡುವೆಯೇ ಒಂದು ವರ್ಷ ಕಳೆದುಹೋಗಿರುತ್ತದೆ.

ಮೊದಲ ಕೆಲಸ ಕಿವಿಯ ತಪಾಸಣೆ. ಇದಕ್ಕೆ ಯಾವ ಭಾಷೆಯ ಹಂಗೂ ಇಲ್ಲ. ನಿದ್ದೆಹೋದ ಮಗುವಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಕಳಿಸಿ, ನರ ಅದನ್ನು ಮೆದುಳಿಗೆ ಮುಟ್ಟಿಸುತ್ತಿದೆಯೇ ಎಂದು ನೋಡುವುದಕ್ಕೆ ಎಲ್ಲರೂ ‘ಬೇರಾ ಟೆಸ್ಟ್’ ಅನ್ನುತ್ತಾರೆ. ಸೋದರಮಾವನ ಜೊತೆ, ಅತ್ತೆಮಗನ ಜೊತೆ ಮದುವೆಗಳು ಇನ್ನೂ ನಡೆಯುವ ನಮ್ಮ ಭಾಗದಲ್ಲಿ ವಂಶದಿಂದ ಬರುವ ಕಿವುಡು ಅಪರೂಪವಲ್ಲ, ಹಾಗಾಗಿ ಕೇಸ್ ಹಿಸ್ಟರಿಯಲ್ಲಿ ‘ನಿಮ್ಮದು ಸಂಬಂಧದೊಳಗಿನ ಮದುವೆಯಾ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಕಿವಿ ಸರಿಯಿದೆ ಎಂದು ಖಾತ್ರಿಯಾಗದೆ ಮಾತಿನ ಪರೀಕ್ಷೆಗೆ ಅರ್ಥವಿಲ್ಲ. ಭಾಷೆಯ ತೊಡಕು ಶುರುವಾಗುವುದು ಇದಾದ ಮೇಲೆ.

ಚಿಕ್ಕ ಕೋಣೆ. ನೆಲದ ಮೇಲೆ ಚಾಪೆ, ಗೊಂಬೆ, ಲೋಟ, ಬಾಚಣಿಗೆ, ಚೆಂಡು, ಪ್ಲಾಸ್ಟಿಕ್ ಹಣ್ಣು, ಒಂದು ಕಾರು. ಕ್ಲಿನಿಷಿಯನ್ ಆಗಿ ಕೂತಿರುವುದು ವಿದ್ಯಾರ್ಥಿನಿ, ಹಿಂದೆ ಮಾರ್ಗದರ್ಶಕಿ. ವಿದ್ಯಾರ್ಥಿನಿಯ ಕನ್ನಡದಲ್ಲಿ ಮಲಯಾಳದ ರಾಗ. ದೇಶದ ಮೂಲೆಮೂಲೆಯಿಂದ ಓದಲು ಬರುವ ಈ ಹುಡುಗ ಹುಡುಗಿಯರು ಮಂಡ್ಯದ ಅಜ್ಜಿಯ ಜೊತೆ ವ್ಯವಹರಿಸುವಷ್ಟು ಕನ್ನಡವನ್ನು ಕಲಿಯದೆ ಗತಿಯಿಲ್ಲ. ನನಗಂತೂ ಈ ಊರಿನಲ್ಲಿ ಕನ್ನಡ ಕಲಿಸುವ ಅತ್ಯುತ್ತಮ ಶಾಲೆ ಇದೇ ಅನ್ನಿಸಿತು.

ಮೊದಲು ನೋಡುವುದು ಮಗುವಿಗೆ ಅರ್ಥವಾಗುತ್ತದೆಯೇ ಎಂಬುದನ್ನು. ಅಜ್ಜಿ ಹೇಳಿದ್ದರಲ್ಲ, ಎಲ್ಲಾ ಅರ್ಥ ಆಯ್ತದೆ ಎಂದು. ವಿದ್ಯಾರ್ಥಿನಿ ತಾಯಿಗೆ ಹೇಳಿದಳು: ‘ನೀವೇ ಹೇಳಿ, ಚೆಂಡು ಕೊಡು ಅಂತ.’ ತಾಯಿ ‘ಬಾಲ್ ಕೊಡು ಚಿನ್ನ’ ಎಂದು ಕೈ ಚಾಚಿದರು, ಕಣ್ಣು ಚೆಂಡಿನ ಮೇಲಿತ್ತು. ಮಗು ಚೆಂಡು ಕೊಟ್ಟಿತು. ಅಜ್ಜಿಯ ಮುಖ ಅರಳಿತು. ‘ಈಗ ಕೈ ಹಿಂದೆ ಕಟ್ಟಿಕೊಳ್ಳಿ, ನನ್ನ ಮುಖ ನೋಡ್ತಾ ಹೇಳಿ. ಗೊಂಬೆಗೆ ನೀರು ಕುಡಿಸು.’ ತಾಯಿ ಹೇಳಿದರು. ಮಗು ಅಮ್ಮನ ಕೈ ಹುಡುಕಿತು. ಕೈ ಕಾಣಲಿಲ್ಲ, ಕಣ್ಣು ಹುಡುಕಿತು. ಕಣ್ಣು ಬೇರೆ ಕಡೆ ಇತ್ತು. ಇನ್ನೊಮ್ಮೆ ಹೇಳಿದಾಗ ಲೋಟ ಎತ್ತಿ ತನ್ನ ಬಾಯಿಗೇ ಇಟ್ಟುಕೊಂಡಿತು. ‘ನೀರು’ ತಿಳಿದಿದೆ, ‘ಗೊಂಬೆಗೆ’ ಎಂಬುದರ ಕೊನೆಯ ‘ಗೆ’ ತಿಳಿದಿಲ್ಲ. ಮನೆಯಲ್ಲಿ ನಾವು ಚಪ್ಪಲಿ ತಾ ಅನ್ನುವಾಗ ಚಪ್ಪಲಿ ಬಿಟ್ಟ ಜಾಗದ ಕಡೆ ನೋಡಿಯೇ ಅನ್ನುತ್ತೇವೆ. ಮಗು ಓದುವುದು ನಮ್ಮ ಮೈಯನ್ನು, ಅದನ್ನು ನಾವು ಮಾತಿನ ಲೆಕ್ಕಕ್ಕೆ ಜಮಾ ಮಾಡಿಕೊಂಡಿರುತ್ತೇವೆ.

ಇದನ್ನು ಅಂದಾಜಿನಲ್ಲಿ ಬಿಡದೆ ವಯಸ್ಸಿಗೆ ತಾಳೆ ಹಾಕಲು ಕನ್ನಡದ್ದೇ ಆದ ಸಲಕರಣೆಗಳಿವೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಬಾಬು, ರತ್ನ, ಬೆಟ್ಟಗೇರಿ ಅವರು 1972ರಲ್ಲಿ ರೂಪಿಸಿದ ಕನ್ನಡ ಉಚ್ಚಾರಣಾ ಪರೀಕ್ಷೆ ಈ ಸಂಸ್ಥೆಯಿಂದಲೇ ಬಂದದ್ದು. 1986ರಲ್ಲಿ 9 ತಿಂಗಳಿಂದ 36 ತಿಂಗಳವರೆಗಿನ ಮಕ್ಕಳಿಗಾಗಿ ಬಂದ ‘3ಡಿ–ಲ್ಯಾಟ್’ ಗ್ರಹಿಕೆ, ಅಭಿವ್ಯಕ್ತಿ, ಬೌದ್ಧಿಕ ಬೆಳವಣಿಗೆ ಮೂರನ್ನೂ ಒಟ್ಟಿಗೆ ನೋಡುತ್ತದೆ. ಪ್ರತಿಭಾ ಕಾರಂತ ಅವರ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಕನ್ನಡದ ಧ್ವನಿ, ಪದ, ವಾಕ್ಯರಚನೆಗಳನ್ನೇ ಆಧರಿಸಿದ್ದು. ಮುಂದೆ ಅವರು ಬೆಂಗಳೂರಿನಲ್ಲಿ ಎಳೆಯ ಮಕ್ಕಳಿಗಾಗಿಯೇ ‘ಕಾಮ್ ಡೀಲ್’ ಎಂಬ ಕಾರ್ಯಕ್ರಮ ಕಟ್ಟಿದರು. 2010ರಲ್ಲಿ ದೀಪಾ ಮತ್ತು ಸಾವಿತ್ರಿ ಅವರು ಫೋಟೊ ತೋರಿಸಿ ಉಚ್ಚಾರಣೆ ನೋಡುವ ಹೊಸ ಪರೀಕ್ಷೆ ತಂದರು. ಸಾಲದು ನಿಜ. ಆದರೂ ಇಂಗ್ಲಿಷ್ ಪುಸ್ತಕದ ಹಿಮದ ಗೊಂಬೆಯ ಚಿತ್ರ ತೋರಿಸಿ ಹುಲ್ಲಹಳ್ಳಿಯ ಮಗುವನ್ನು ‘ಇದೇನು’ ಎಂದು ಕೇಳುವ ಅವಸ್ಥೆ ಇಲ್ಲಿಲ್ಲ.

ಅನುವಾದದಿಂದ ಸಿಗದ ಕನ್ನಡದ ಜಾಗಗಳು ಯಾವುವು? ಒಂದು, ಗೊಂಬೆಗೆ, ಗೊಂಬೆಯಿಂದ, ಗೊಂಬೆಯ ಎಂಬ ವಿಭಕ್ತಿಯ ಬಾಲ. ಇನ್ನೊಂದು, ಬಂದ, ಬಂದಳು, ಬಂತು. ಕ್ರಿಯಾಪದದ ಕೊನೆಯಲ್ಲಿ ಯಾರು ಬಂದರು ಎಂಬ ಸುದ್ದಿಯೆಲ್ಲ ಅಡಗಿರುವ ಭಾಷೆಯಿದು. ಮೂರು ವರ್ಷದ ಮಗು ‘ಅಕ್ಕ ಬಂತು’ ಅಂದರೆ ತಪ್ಪೆಂದು ಗುರುತು ಹಾಕಬೇಕೇ? ಹಾಕುವ ಮೊದಲು ಮನೆ ಯಾವ ಕಡೆಯದು ಎಂದು ಕೇಳಬೇಕು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಬಗ್ಗೆ ಆಡುವುದೇ ನಪುಂಸಕದಲ್ಲಿ. ಹಾಗೆಯೇ ಮಂಡ್ಯದ ಈ ಮಗು ಹಾಲಿನ ಚಿತ್ರಕ್ಕೆ ‘ಆಲು’ ಅಂದರೆ, ಹಸುವಿಗೆ ‘ಅಸ’ ಅಂದರೆ, ಹಕಾರ ಬಂದಿಲ್ಲ ಎಂದು ಬರೆಯುವಂತಿಲ್ಲ. ಅಜ್ಜಿಯ ಬಾಯಲ್ಲೇ ಹಕಾರವಿಲ್ಲ, ಮಗು ಎಲ್ಲಿಂದ ತರಬೇಕು? ಆ ಮಗು ತನ್ನ ಊರಿನ ಕನ್ನಡವನ್ನು ಚೊಕ್ಕವಾಗಿ ಕಲಿಯುತ್ತಿದೆ. ಅದೇ ಮಗು ‘ಆಲು’ ಬದಲು ‘ಆಯು’ ಅಂದರೆ ಲಕಾರದ ಕಡೆ ನೋಡಬೇಕು.

ಪೋರ್ಟೊರಿಕೊದ ಸ್ಪ್ಯಾನಿಷ್ ಮಕ್ಕಳೂ ಇದೇ ಗಂಡಾಂತರಕ್ಕೆ ಸಿಕ್ಕಿದವರು. ಆ ದ್ವೀಪದವರು ಪದದ ಕೊನೆಯ ಸಕಾರವನ್ನು ನುಂಗುತ್ತಾರೆ. ಸ್ಪ್ಯಾನಿಷ್‌ನಲ್ಲಿ ಬಹುವಚನದ ಗುರುತೇ ಕೊನೆಯ ಸಕಾರ. ಮ್ಯಾಡ್ರಿಡ್‌ನ ಸ್ಪ್ಯಾನಿಷ್ ಕಲಿತ ಪರೀಕ್ಷಕರಿಗೆ ಈ ಮಕ್ಕಳಿಗೆ ಬಹುವಚನ ಬರುವುದಿಲ್ಲ ಎಂದು ಕಾಣುವುದು ಸಹಜ. ಸ್ಪ್ಯಾನಿಷ್‌ನ ಅದುರುವ ರಕಾರ ಹೇಗೂ ತಡವಾಗಿ ಕೂಡುವ ಧ್ವನಿ. ನಮ್ಮ ಮಕ್ಕಳು ‘ರವಿ’ಯನ್ನು ‘ಲವಿ’ ಮಾಡುವ ವಯಸ್ಸಿನಲ್ಲಿ ಅವರೂ ತಡಕಾಡುತ್ತಿರುತ್ತಾರೆ. ಒಂದೇ ಭಾಷೆಯೊಳಗಿನ ಹಳ್ಳಿ–ಪಟ್ಟಣದ ವ್ಯತ್ಯಾಸ ತಿಳಿಯದವರ ಕೈಗೆ ಪರೀಕ್ಷೆ ಕೊಟ್ಟರೆ ಎರಡು ಭಾಷೆಯ ಮಗುವಿನ ಗತಿ ಏನು?

ಎರಡು ಭಾಷೆಯ ಮಗುವಿನ ಪದಗಳನ್ನು ಎಣಿಸುವುದು ಹೀಗೆ: ಎರಡು ವರ್ಷದ ಹೊತ್ತಿಗೆ ಸುಮಾರು ಐವತ್ತು ಪದ, ಎರಡು ಪದ ಕೂಡಿಸುವ ಶಕ್ತಿ ಇರಬೇಕು ಎಂಬುದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಮಾಪು. ಇಪ್ಪತ್ತೈದು ಕನ್ನಡ, ಇಪ್ಪತ್ತು ಉರ್ದು, ಎಂಟು ಇಂಗ್ಲಿಷ್ ಆದರೂ ಮೊತ್ತ ಹಿಡಿಯಬೇಕು. ‘ಬುವ್ವ’, ‘ಅಂಬಾ’, ‘ಟಾಟಾ’ ಕೂಡ ಪದಗಳೇ, ಬಿಡಬಾರದು. ಭಾಷೆ ಬೆರೆಸುವುದು ರೋಗದ ಲಕ್ಷಣವಲ್ಲ. ಅಂಗಡಿಯ ಮುಂದಿನ ಹುಡುಗ ಅಜ್ಜಿಯನ್ನು ತಮಿಳಿನಲ್ಲಿ ಕರೆದದ್ದು ಅಜ್ಜಿ ತಮಿಳಿನವರಾದ್ದರಿಂದ. ನಿಜವಾದ ತೊಂದರೆಯಿದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಅಜ್ಜಿಯ ಜೊತೆ ತಮಿಳಿನಲ್ಲಿ ಕಥೆ ಹೊಡೆಯುವ ಮಗು ಶಾಲೆಯ ಇಂಗ್ಲಿಷ್‌ಗೆ ಬಾಯಿ ಬಿಡದಿದ್ದರೆ ಅದಕ್ಕೆ ಬೇಕಾದದ್ದು ಸಮಯ, ಥೆರಪಿ ಅಲ್ಲ.

ಇಷ್ಟಾದರೂ ಬೀದಿಗೊಬ್ಬರು ಕೊಡುವ ಸಲಹೆ ಒಂದೇ: ‘ಮಗು ಕನ್‌ಫ್ಯೂಸ್ ಆಗಿದೆ, ಮನೆಯಲ್ಲಿ ಒಂದೇ ಭಾಷೆ ಮಾತಾಡಿ.’ ಆ ಒಂದು ಭಾಷೆ ಇಂಗ್ಲಿಷ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ಇಲ್ಲೇ. ಇಂಗ್ಲಿಷ್ ಸರಾಗವಾಗಿ ಬಾರದ ತಾಯಿ ‘ಕಮ್, ಈಟ್, ಸಿಟ್, ನೋ’ ಎಂಬ ಆಜ್ಞೆಗಳಿಗೆ ಇಳಿಯುತ್ತಾಳೆ. ಅಜ್ಜಿ ಸುಮ್ಮನಾಗುತ್ತಾರೆ. ಮಗುವಿಗೆ ದಿನವಿಡೀ ಬೀಳುತ್ತಿದ್ದ ಮಾತೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಆ ಜಾಗಕ್ಕೆ ಯೂಟ್ಯೂಬಿನ ರೈಮ್ಸ್ ಬರುತ್ತವೆ. ‘ಟ್ರೈಯಾಂಗಲ್’, ‘ಪರ್ಪಲ್’ ಎಂದೆಲ್ಲ ಹೇಳುವ, ನೀರಡಿಸಿದರೆ ‘ನೀರು’ ಎಂದು ಕೇಳಲಾರದ ಮಕ್ಕಳನ್ನು ನೀವೂ ನೋಡಿರುತ್ತೀರಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಇರುವ ತೊಂದರೆ ಎರಡನೆಯ ಭಾಷೆಯಿಂದ ಹೆಚ್ಚಾಗುವುದೂ ಇಲ್ಲ ಎಂಬುದರಲ್ಲಿ ಈಗ ಈ ಕ್ಷೇತ್ರದವರಿಗೆ ದೊಡ್ಡ ತಕರಾರಿಲ್ಲ. ಡಲ್ಲಾಸಿನಲ್ಲೋ ಸನ್ನಿವೇಲ್‌ನಲ್ಲೋ ಮಗುವನ್ನು ಡೇಕೇರಿಗೆ ಬಿಡುವ ಕನ್ನಡದ ತಂದೆತಾಯಿಗಳಿಗೂ ಇದೇ ಮಾತು. ಅಲ್ಲಿ ಸ್ಪ್ಯಾನಿಷ್ ಮಗುವಿಗಾದರೂ ಅದರ ಭಾಷೆ ಬಲ್ಲ ಥೆರಪಿಸ್ಟ್ ಸಿಗುವ ಸಂಭವವಿದೆ, ಕನ್ನಡ ಬಲ್ಲವರು ಸಿಗುವುದು ಅಪರೂಪ. ವಿಡಿಯೊ ಕರೆಯಲ್ಲಿ ಮೈಸೂರಿನ ಅಜ್ಜಿಯನ್ನೇ ಕೂರಿಸಿಕೊಂಡು ಮಗುವಿಗೆ ಎಷ್ಟು ಕನ್ನಡ ಬರುತ್ತದೆಂದು ತೋರಿಸಬಹುದಲ್ಲ?

ಹೊಂದುವ ಪರೀಕ್ಷೆಯೇ ಇಲ್ಲದ ಭಾಷೆಗೆ ಇನ್ನೊಂದು ದಾರಿಯಿದೆ. ಮಗುವಿಗೆ ಏನು ಗೊತ್ತು ಎಂದು ಕೇಳುವ ಬದಲು ಒಂದು ಹೊಸ ಪದವನ್ನೋ ಆಟವನ್ನೋ ಕಲಿಸಿ, ಎಷ್ಟು ಬೇಗ ಹಿಡಿಯಿತು, ಎಷ್ಟು ಸಹಾಯ ಬೇಕಾಯಿತು ಎಂದು ನೋಡುವುದು. ಪೆನ್ಯಾ ಅವರು ಸ್ಪ್ಯಾನಿಷ್ ಮಕ್ಕಳ ನಡುವೆ ಬಹಳ ವರ್ಷ ಮಾಡಿದ ಕೆಲಸವೂ ಇದೇ: ಪರೀಕ್ಷಿಸು, ಕಲಿಸು, ಮತ್ತೆ ಪರೀಕ್ಷಿಸು. ಹೊಸ ಭಾಷೆಯ ರೂಢಿಯಷ್ಟೇ ಕಡಿಮೆಯಿದ್ದ ಮಗು ಕಲಿಸಿದೊಡನೆ ಹಿಡಿದುಕೊಳ್ಳುತ್ತದೆ, ಕಲಿಯುವುದೇ ಕಷ್ಟವಿರುವ ಮಗು ತಡವರಿಸುತ್ತದೆ. ಈ ಬಗೆ ನಮಗೆ ಹೆಚ್ಚು ಬೇಕು. ಯಳಂದೂರು ತಾಲ್ಲೂಕಿನ ಗುಂಬಳ್ಳಿ, ನಂಜನಗೂಡಿನ ಹುಲ್ಲಹಳ್ಳಿ, ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳುಗಳಲ್ಲಿ ಆಯಿಷ್‌ನ ಹೊರಕೇಂದ್ರಗಳಿವೆ. ಗುಂಬಳ್ಳಿಯಿಂದ ಬಿಳಿಗಿರಿರಂಗನ ಬೆಟ್ಟ ಕಣ್ಣಳತೆಯಲ್ಲಿದೆ, ಬೆಟ್ಟದಲ್ಲಿ ಸೋಲಿಗರು. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬರು. ಅವರ ಮಕ್ಕಳು ಬಂದಾಗ ಫಾರಂನಲ್ಲಿ ‘ಮಾತೃಭಾಷೆ: ಕನ್ನಡ’ ಎಂದು ತುಂಬಿದರೆ ಕೆಲಸ ಸಲೀಸು, ಮಗುವಿಗೆ ಅನ್ಯಾಯ. ಬಿಹಾರದಿಂದ ಬಂದ ಕೂಲಿಯವರ ಮಗುವಿನ ಮೈಥಿಲಿ, ಭೋಜಪುರಿಗಳೂ ಹೀಗೆಯೇ ‘ಹಿಂದಿ’ಯಾಗಿಬಿಡುತ್ತವೆ. ಇದೇ ಮಾನಸಗಂಗೋತ್ರಿಯಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ಸಣ್ಣ ಭಾಷೆಗಳ ಅಧ್ಯಯನವೇ ಅದರ ಕೆಲಸಗಳಲ್ಲೊಂದು. ಎರಡೂ ಸಂಸ್ಥೆಗಳ ನಡುವೆ ನಡೆದು ಹೋಗುವಷ್ಟೇ ದೂರ. ಸೋಲಿಗರ ಮಕ್ಕಳ ಮಾತಿಗೆ ಒಂದು ಅಳತೆ ಹುಟ್ಟುವುದಿದ್ದರೆ ಈ ಎರಡು ಗೇಟುಗಳ ನಡುವೆಯೇ ಹುಟ್ಟಬೇಕು.

ಮಂಡ್ಯದ ಮಗುವಿನ ಪರೀಕ್ಷೆ ಮುಗಿಯುವಾಗ ಮಧ್ಯಾಹ್ನ. ಗ್ರಹಿಕೆ ವಯಸ್ಸಿಗಿಂತ ಹಿಂದಿದೆ, ಮಾತು ಇನ್ನೂ ಹಿಂದಿದೆ, ಕಿವಿ ಸರಿಯಿದೆ ಎಂದರು. ನಾಲಿಗೆಯ ನರದ ತಂಟೆಯೂ ಇಲ್ಲ. ಅಜ್ಜಿಗೆ ಕೊಟ್ಟ ಕೆಲಸ ಹೆಚ್ಚು: ಅನ್ನ ಕಲಸುವಾಗ, ಹಸು ಕಟ್ಟುವಾಗ, ಹೂ ಕೀಳುವಾಗ ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಿರಬೇಕು, ಮಗು ಕೈ ತೋರಿಸಿದ್ದನ್ನು ತಕ್ಷಣ ಕೊಡದೆ ಒಂದು ಗಳಿಗೆ ಕಾಯಬೇಕು. ‘ನಾನಾಡೋ ಮಾತು ಸರಿಯಿಲ್ಲ ಅಂತಾಳೆ ನನ್ ಸೊಸೆ. ಕಾನ್ವೆಂಟ್‌ಗೆ ಸೇರ್ಸೋ ಮಗ, ಅಳ್ಳಿ ಮಾತು ಬ್ಯಾಡ ಅಂತ’ ಎಂದರು ಅಜ್ಜಿ, ಸೊಸೆ ಎದುರಿಗೇ. ‘ನಿಮ್ಮ ಮಾತೇ ಬೇಕು ಅಜ್ಜಿ, ಜಾಸ್ತಿ ಆಡಿ’ ಎಂದಳು ಮಲಯಾಳದ ಹುಡುಗಿ.

ನಿಮ್ಮ ಮನೆಯಲ್ಲೂ ಇಂಥ ಅನುಮಾನವಿದ್ದರೆ ಒಂದೆರಡು ಮಾತು. ಒಂದು ವರ್ಷಕ್ಕೂ ಬಾಬ್ಬಾ ಮಾಮ್ಮಾ ಎನ್ನದಿದ್ದರೆ, ಕೈ ತೋರಿಸಿ ಕೇಳದಿದ್ದರೆ, ಹದಿನಾರು ತಿಂಗಳಿಗೂ ಒಂದು ಪದವಿಲ್ಲದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋದರೆ ಒಳ್ಳೆಯ ದಿನ ನೋಡಲು ಪಂಚಾಂಗ ತೆಗೆಯಬೇಡಿ, ಹೊರಡಿ. ಅಕ್ಷರಾಭ್ಯಾಸಕ್ಕೆ ಒಂಟಿಕೊಪ್ಪಲ್ ಪಂಚಾಂಗ ಇದ್ದೇ ಇದೆ. ಹೋಗುವಾಗ ಮಗುವಿನ ಜೊತೆ ಹೆಚ್ಚು ಹೊತ್ತು ಕಳೆಯುವವರನ್ನು ಕರೆದುಕೊಂಡು ಹೋಗಿ, ಅದು ಅಜ್ಜಿಯೋ ಮನೆಕೆಲಸದವರೋ ಯಾರೇ ಇರಲಿ. ಮಗು ಮನೆಯಲ್ಲಿ ಆಡುವುದನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ, ಕೋಣೆಯಲ್ಲಿ ಅದು ಬಾಯಿ ಬಿಡದೆ ಕೂರಬಹುದು. ಹೇಳುವ ಪದಗಳನ್ನೆಲ್ಲ ಭಾಷೆ ನೋಡದೆ ಪಟ್ಟಿ ಮಾಡಿ. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದಾಗ ಒಂದನ್ನೇ ಹೇಳಿ ಮುಗಿಸಬೇಡಿ. ಯಾರು ಯಾವುದನ್ನು ಎಷ್ಟು ಹೊತ್ತು ಆಡುತ್ತಾರೆ ಎಂದು ಬಿಡಿಸಿ ಹೇಳಿ. ಹೆರಿಗೆಯ ಸಮಯದ ಡಿಸ್ಚಾರ್ಜ್ ಚೀಟಿ ಇದ್ದರೆ ಅದನ್ನೂ ಫೈಲಿಗೆ ಸೇರಿಸಿಕೊಳ್ಳಿ, ಮಗು ಹುಟ್ಟಿದ ತಕ್ಷಣ ಅತ್ತಿತೇ ಎಂದು ಕೇಳಿಯೇ ಕೇಳುತ್ತಾರೆ.